ಕೊರೆಯಾ ಮೈದಾನದ ಭಾನುವಾರ

ಗಂಡಭೇರುಂಡ ಫುಟ್‌ಬಾಲ್ ಕ್ಲಬ್ಬಿಗೆ ಎಲ್ಲವೂ ಇತ್ತು. ಎದೆಯ ಮೇಲೆ ಎರಡು ತಲೆಯ ಹಕ್ಕಿ ಕೂತ ಕೆಂಪು ಜೆರ್ಸಿ ಇತ್ತು. ಅಧ್ಯಕ್ಷ, ಉಪಾಧ್ಯಕ್ಷ, ಸಾಂಸ್ಕೃತಿಕ ಕಾರ್ಯದರ್ಶಿ ಇದ್ದರು. ಮೈಸೂರು, ಬೆಂಗಳೂರು, ಹುಬ್ಬಳ್ಳಿ ಕಡೆಯ ಮನೆಗಳ ಮಕ್ಕಳಿದ್ದರು, ಆ ಮಕ್ಕಳ ತಾಯ್ತಂದೆಯರು ಹಗಲಿರುಳು ಜಗಳವಾಡಲು ವಾಟ್ಸಾಪ್ ಗ್ರೂಪು ಇತ್ತು. ಇಲ್ಲದ್ದು ಭಾನುವಾರದ ಬೆಳಿಗ್ಗೆ ಒಂದೇ. ಎದುರಾಳಿ ತಂಡದ ಹುಡುಗರು ಆ ಹಕ್ಕಿಯನ್ನು ಎರಡು ತಲೆಯ ಕೋಳಿ ಎಂದಾಗಲೂ ಅಧ್ಯಕ್ಷ ವಾಸುದೇವ ಈ ಕೊರತೆಗೆ ಕೆರಳಿದಷ್ಟು ಕೆರಳಿರಲಿಲ್ಲ.

ಬೇ ಏರಿಯಾದ ಡ್ಯಾನ್‌ವಿಲ್ ದಾಟಿ ಗುಡ್ಡದ ಬುಡಕ್ಕೆ ಹೋದರೆ, ಫ್ರೀವೇಯವರು ಒಂದು ಎಕ್ಸಿಟ್ ಕೊಡಲೂ ಮನಸ್ಸು ಮಾಡದಷ್ಟು ಸಣ್ಣ ಊರೊಂದಿದೆ. ಕೊರೆಯಾ ಮೈದಾನ ಇರುವುದು ಅಲ್ಲಿ. ಗಂಡಭೇರುಂಡಕ್ಕೆ ಸಿಕ್ಕಿದ್ದು ಶನಿವಾರ ಸಂಜೆ. ಶನಿವಾರ ಸಂಜೆ ಅಂದರೆ ಭರತನಾಟ್ಯ, ಗಣಿತದ ಕ್ಲಾಸು, ಯಾರದೋ ಹುಟ್ಟುಹಬ್ಬ, ಇನ್ಯಾರದೋ ಮನೆಯ ಸತ್ಯನಾರಾಯಣ ಪೂಜೆ. ಹನ್ನೊಂದು ಮಕ್ಕಳು ಕೂಡುವುದೇ ಅಪರೂಪ. ಭಾನುವಾರದ ಬೆಳಿಗ್ಗೆ ‘ಲಾಸ್ ನೊಗಾಲೆಸ್’ ಎಂಬ ಕ್ಲಬ್ಬಿನದು. ಅಕ್ರೋಟು ಮರಗಳು ಎಂದು ಅದರ ಅರ್ಥ. ಹಿಂದೆ ಅಲ್ಲಿನ ಅಕ್ರೋಟು ತೋಟಗಳಿಗೆ ಕೂಲಿಗೆ ಬಂದ ಮೆಕ್ಸಿಕೋದವರು ಕಟ್ಟಿದ ಕ್ಲಬ್ಬು. ತೋಟಗಳು ಹೋಗಿ ಮನೆಗಳೆದ್ದವು. ಈಗಿನ ಆಟಗಾರರು ಆ ಮನೆಗಳಿಗೆ ಸೂರು ಹಾಕುವವರು, ಹುಲ್ಲು ಕತ್ತರಿಸುವವರು. ವಾರದಲ್ಲಿ ಅವರಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ.

ಊರಿನ ಕೌನ್ಸಿಲು ಮೈದಾನದ ವೇಳೆಯನ್ನು ಹೊಸದಾಗಿ ಹಂಚುತ್ತದಂತೆ ಎಂಬ ಸುದ್ದಿ ಬಂದ ದಿನವೇ ವಾಸುದೇವ ಶೇಷಾದ್ರಿಯ ಮನೆಗೆ ಬಂದ.

ಶೇಷಾದ್ರಿ ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯೊಂದರಲ್ಲಿ ಮ್ಯಾನೇಜರು. ಚೆಂಡನ್ನು ಕಾಲಿನಿಂದ ಮುಟ್ಟಿದವನಲ್ಲ. ಆದರೆ ಒಮ್ಮೆ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಚೆಂದದ ಲೇಖನ ಬರೆದುಬಿಟ್ಟಿದ್ದ. ಅಂಥ ತಪ್ಪು ಮಾಡಿದವರಿಗೆ ನಮ್ಮ ಕೂಟಗಳಲ್ಲಿ ಮಾಫಿ ಇಲ್ಲ. ಅಂದಿನಿಂದ ಸ್ವಾಗತ ಭಾಷಣ, ವಂದನಾರ್ಪಣೆ, ಶ್ರದ್ಧಾಂಜಲಿ ಎಲ್ಲವೂ ಅವನ ತಲೆಗೇ.

“ಕೌನ್ಸಿಲ್‌ನೋರಿಗೆ ಹಿಸ್ಟ್ರಿ ಅಂದ್ರೆ ಪ್ರಾಣ ಸಾರ್,” ಎಂದ ವಾಸುದೇವ. “ಆ ಗ್ರೌಂಡಿನ ಕಥೆ ನೀವು ಬರೀರಿ. ಮೀಟಿಂಗಲ್ಲಿ ನೀವೇ ಓದಿ. ಕಣ್ಣಲ್ಲಿ ನೀರು ಬರಬೇಕು.”

“ಯಾರ ಕಣ್ಣಲ್ಲಿ?” ಎಂದು ಒಳಗಿನಿಂದ ಶೇಷಾದ್ರಿಯ ಹೆಂಡತಿ ಪ್ರಭಾ ಕೇಳಿದಳು. 

ಕಥೆ ಗೊತ್ತಿದ್ದದ್ದು ಎಫ್ರಾಯಿನ್‌ಗೆ. ಲಾಸ್ ನೊಗಾಲೆಸ್‌ನ ಹಿರಿಯ ಅವನು. ಅರವತ್ತು ದಾಟಿದ್ದರೂ ಮಂಡಿಗೆ ಪಟ್ಟಿ ಬಿಗಿದು ಇನ್ನೂ ಡಿಫೆನ್ಸಿನಲ್ಲಿ ಆಡುತ್ತಿದ್ದ. ಮೈದಾನದ ಚರಿತ್ರೆ ಬರೆಯಬೇಕೆಂದಿದ್ದೇನೆ ಎಂದು ಶೇಷಾದ್ರಿ ಹೋಗಿ ಹೇಳಿದಾಗ ಮುದುಕ ತನ್ನ ಟ್ರಕ್ಕಿನ ಹಿಂಬಾಗಿಲು ಇಳಿಸಿ, ಕೈಯಲ್ಲಿ ಧೂಳು ಒರೆಸಿ, ಕೂರಲು ಜಾಗ ಮಾಡಿಕೊಟ್ಟ. ಯಾತಕ್ಕೆ ಬರೆಯುತ್ತೀರಿ ಎಂದು ಅವನು ಕೇಳಲಿಲ್ಲ. ಇವನೂ ಹೇಳಲಿಲ್ಲ. ಹೇಳಿದರಾಯಿತು, ಇನ್ನೂ ಸಮಯವಿದೆ ಎಂದುಕೊಂಡ.

ಹೀಗೆ ಹಲವು ಭಾನುವಾರ ಮುದುಕ ಕಥೆ ಹೇಳಿದ. ಕೊರೆಯಾ ಎಂಬ ಪೋರ್ಚುಗೀಸ್ ಗೌಳಿಯೊಬ್ಬ ಕೊಟ್ಟಿಗೆಯ ಹಿಂದಿನ ಹುಲ್ಲುಗಾವಲನ್ನು ತನ್ನ ಆಳುಗಳ ಆಟಕ್ಕೆ ಬಿಟ್ಟುಕೊಟ್ಟದ್ದು. ಹಾಲು ಕರೆದು ಮುಗಿಯುವ ತನಕ ಪಂದ್ಯ ಶುರುವಾಗದೆ ಇರುತ್ತಿದ್ದದ್ದು. ಪೋರ್ಚುಗೀಸರ ಒಂದು ದ್ವೀಪದಿಂದ ಬಂದವರದು ಒಂದು ಕ್ಲಬ್ಬು, ಪಕ್ಕದ ದ್ವೀಪದವರದು ಇನ್ನೊಂದು, ಇಬ್ಬರಿಗೂ ಹಸುಗಳು ಒಂದೇ ಆದರೂ ಒಬ್ಬರನ್ನೊಬ್ಬರು ನಂಬದೆ ಇದ್ದದ್ದು. ಕೊಟ್ಟಿಗೆಗಳು ಮುಚ್ಚುತ್ತ ಬಂದಂತೆ ಎರಡೂ ಕ್ಲಬ್ಬು ಸೇರಿದರೂ ಹನ್ನೊಂದು ಜನ ಆಗದೆ ಹೋದದ್ದು. ಇದನ್ನು ಕೇಳಿ ಶೇಷಾದ್ರಿ ಒಳಗೇ ನಕ್ಕ. ಅವನಿಗೆ ಬೇ ಏರಿಯಾದ ಕನ್ನಡ ಸಂಘಗಳು ನೆನಪಾದವು.

“ಆಗ ನಮ್ಮಪ್ಪನೂ ಜೊತೆಯ ಕೂಲಿಗಳೂ ತೋಟದ ಕಡೆಯಿಂದ ಬಂದು ಬೇಲಿ ಹಿಡಿದು ನಿಂತು ನೋಡ್ತಿದ್ರು,” ಎಂದ ಎಫ್ರಾಯಿನ್, ಸ್ಪ್ಯಾನಿಷ್ ವಾಸನೆಯ ತನ್ನ ಇಂಗ್ಲಿಷಿನಲ್ಲಿ. “ಪೋರ್ಚುಗೀಸರು ಒಳಗೆ ಕರೆದರು. ಅವರ ಗೋಲ್‌ಕೀಪರ್ ಸಿಲ್ವೇರಾ ಆಮೇಲೂ ವರ್ಷಗಟ್ಟಲೆ ನಮ್ಮ ಕ್ಲಬ್ಬಿಗೇ ಆಡಿದ. ಸಾಕು ಅಂತ ಅವನಾಗಿ ಅನ್ನೋವರೆಗೂ ಯಾರೂ ಅವನ ಜಾಗಕ್ಕೆ ಕೈ ಹಾಕಲಿಲ್ಲ. ಇದನ್ನ ಬರೀರಿ. ಇದೇ ಮುಖ್ಯ.”

ಬರೆಯುತ್ತೇನೆ ಎಂದ ಶೇಷಾದ್ರಿ. ಆ ಕ್ಷಣ ಅದು ಸುಳ್ಳಾಗಿರಲಿಲ್ಲ. ಇಷ್ಟು ಖುಷಿಯಿಂದ ಅವನು ಒಂದು ಕೆಲಸ ಮಾಡಿ ವರ್ಷಗಳಾಗಿದ್ದವು. ಎಫ್ರಾಯಿನ್‌ಗೆ ಏನಾದರೂ ಕೊಡಬೇಕು ಅನ್ನಿಸಿತು. ಮೈಸೂರಿನವನಿಗೆ ಅಂಥ ಹೊತ್ತಿನಲ್ಲಿ ಹೊಳೆಯುವುದು ಒಂದೇ: ಸನ್ಮಾನ.

ವಾಸುದೇವ ಕೇಳಿದ ಕೂಡಲೇ ಒಪ್ಪಿಕೊಂಡ. ಒಂದು ಶನಿವಾರ ಸಂಜೆ ಮೈದಾನದ ನಡುವೆ ಕುರ್ಚಿ ಹಾಕಿದರು. ಎಫ್ರಾಯಿನ್‌ಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿ, ತಲೆಗೆ ಮೈಸೂರು ಪೇಟ ಇಟ್ಟು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಕೂರಿಸಿದರು. ಮುದುಕ ಅರಸನ ಹಾಗೆ ಕಂಡ. ಫೋಟೋಗಾಗಿ ಚೆಂಡನ್ನು ಗಂಡಭೇರುಂಡದ ಪುಟ್ಟ ಕ್ಯಾಪ್ಟನ್‌ಳ ಕೈಗೆ ಕೊಡುವ ಹಾಗೆ ನಿಲ್ಲಿ ಎಂದು ವಾಸುದೇವ ಹೇಳಿದ. ಎಫ್ರಾಯಿನ್ ನಗುತ್ತ ಹಾಗೇ ನಿಂತ.

ಮಕ್ಕಳಿಗೆ ಆಟ ಕಲಿಸುತ್ತಿದ್ದ ಹುಬ್ಬಳ್ಳಿಯ ಮಲ್ಲಪ್ಪ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

“ಏನ್ರೀ ಶೇಷಾದ್ರಿಯವರ, ನಮ್ಮ ಕಡೆ ಶಾಲು ಹೊದಸೂದು ರಿಟೈರ್ ಆದವ್ರಿಗೆ,” ಎಂದ ಮೆಲ್ಲಗೆ. “ಈ ಮನಷ್ಯಾ ಇನ್ನೂ ಆಡಾಕತ್ತಾನಲ್ರಿ.”

ಗೌರವಕ್ಕೆ ವಯಸ್ಸಿನ ಲೆಕ್ಕ ಯಾಕೆ ಎಂದು ಶೇಷಾದ್ರಿ ತೇಲಿಸಿದ. 

ಕೌನ್ಸಿಲಿನ ಸಭೆಯಲ್ಲಿ ಮಾತಾಡುವವರಿಗೆ ತಲಾ ಎರಡು ನಿಮಿಷ. ಶೇಷಾದ್ರಿ ಬರೆದದ್ದು ಅದರ ನಾಲ್ಕು ಪಟ್ಟಿತ್ತು. ಕತ್ತರಿಸುತ್ತ ಕೂತಾಗ ಏನನ್ನು ಬಿಡಬೇಕೆಂದು ವಾಸುದೇವ ಹೇಳಿಕೊಡಲಿಲ್ಲ, ಹೇಳಿಕೊಡುವ ಅಗತ್ಯವೂ ಬೀಳಲಿಲ್ಲ. ಗೌಳಿ ಉಳಿದ, ಹಸುಗಳು ಉಳಿದವು, ಬೇಲಿ ಹಿಡಿದು ನಿಂತ ಕೂಲಿಗಳು ಉಳಿದರು. ಸಿಲ್ವೇರಾ ಬಿಟ್ಟುಹೋದ. ಅವನು ಹೋದಮೇಲೆ ಕಥೆಗೆ ಬೇರೆಯೇ ಓಟ ಬಂತು: ಈ ಮೈದಾನ ಯಾವಾಗಲೂ ಹೊಸದಾಗಿ ಬಂದವರ ಕೈಗೆ ಹೋಗಿದೆ, ಪೋರ್ಚುಗೀಸರು ಮೆಕ್ಸಿಕೋದವರಿಗೆ ಕೊಟ್ಟರು, ಈಗ ಮತ್ತೊಂದು ಬೇಲಿಯಾಚೆ ಮತ್ತೊಂದು ಊರಿನ ಮಕ್ಕಳು ನಿಂತಿದ್ದಾರೆ.

ಪ್ರಭಾ ಓದಿ ನೋಡಿ ಕಾಗದವನ್ನು ಮೇಜಿನ ಮೇಲಿಟ್ಟಳು. “ಇದ್ರಲ್ಲಿ ಸುಳ್ಳೆಲ್ಲಿದೆ ತೋರ್ಸು ಅಂದ್ರೆ ನನ್ ಕೈಲಿ ಆಗಲ್ಲ ಕಣ್ರೀ,” ಎಂದಳು. “ಅದೇ ಭಯ.”

ಸಭೆಗೆ ಎಫ್ರಾಯಿನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಬ್ಬನೇ ಬಂದಿದ್ದ. ಮಿಕ್ಕವರಿಗೆ ಕೆಲಸ. ಶೇಷಾದ್ರಿಯನ್ನು ಕಂಡವನೇ ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಟೋಪಿ ತೆಗೆದು ಜಾಗ ತೋರಿಸಿದ. ಶೇಷಾದ್ರಿ ಕೈಯೆತ್ತಿ ನಕ್ಕು, ಹೋಗಿ ವಾಸುದೇವನ ಪಕ್ಕ ಕೂತ. ಎಲ್ಲಿ ಕೂತರೇನು, ಸಭೆ ಒಂದೇ ತಾನೆ.

ಮೊದಲು ಕರೆದದ್ದು ಎಫ್ರಾಯಿನ್‌ನನ್ನು. ಅವನು ಮೈಕಿನ ತನಕ ಹೋಗಿ, ಅದನ್ನು ಮುಟ್ಟದೆ ನಿಂತ.

“ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ,” ಎಂದ. “ನನ್ನ ಎರಡು ನಿಮಿಷ ಆ ಸ್ನೇಹಿತರಿಗೆ ಕೊಡಿ. ನಮ್ಮ ಕಥೆ ಎಲ್ಲಾ ಅವರ ಹತ್ರ ಇದೆ.”

ಕೌನ್ಸಿಲಿನ ಅಧ್ಯಕ್ಷೆ ಒಪ್ಪಿದಳು. ಶೇಷಾದ್ರಿಯ ಹೆಸರಿಗೆ ನಾಲ್ಕು ನಿಮಿಷ ಬಂತು.

ಕಾಲಿನ ಕೆಳಗೆ ನೆಲ ಇಳಿದ ಹಾಗಾಯಿತು ಎಂದು ಹೇಳಿದರೆ ಶೇಷಾದ್ರಿಗೆ ಅನುಕೂಲವಾದೀತು. ನಿಜವಾಗಿ ಆದದ್ದು ಅದಲ್ಲ. ಅವನ ನಾಲಿಗೆ ಸ್ವಲ್ಪವೂ ತೊಡರಲಿಲ್ಲ. ಚೆನ್ನಾಗಿಯೇ ಓದಿದ. ಹಾಲು ಕರೆಯುವ ಮಾತಿಗೆ ಜನ ನಕ್ಕರು, ಬೇಲಿಯ ಮಾತಿಗೆ ಸುಮ್ಮನಾದರು. ಆ ಸುಮ್ಮನಿರುವಿಕೆ ಅವನಿಗೆ ಹಿತವಾಯಿತು. ಆಗ ಹಿಂದಿನ ಪರದೆಯ ಮೇಲೆ ವಾಸುದೇವ ಫೋಟೋ ಹಾಕಿದ: ಶಾಲು, ಪೇಟ, ಹಾರ ಹೊತ್ತ ಎಫ್ರಾಯಿನ್ ಪುಟ್ಟ ಹುಡುಗಿಗೆ ಚೆಂಡು ಒಪ್ಪಿಸುತ್ತಿದ್ದಾನೆ. ಸಭೆ ತಾನಾಗಿಯೇ ಚಪ್ಪಾಳೆ ತಟ್ಟಿತು. ಹೀಗೊಂದು ಫೋಟೋ ಬರುತ್ತದೆಂದು ಶೇಷಾದ್ರಿಗೆ ಗೊತ್ತಿರಲಿಲ್ಲ. ಆದರೆ ಬಂದ ಮೇಲೆ ಅದು ತನ್ನ ಮಾತಿಗೆ ಎಷ್ಟು ಸರಿಯಾಗಿ ಕೂತಿತೆಂಬುದು ತಕ್ಷಣ ಗೊತ್ತಾಯಿತು.

ಓದಿ ಮುಗಿದಾಗ ಎದುರಿನ ಗಡಿಯಾರದಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು. ಎಫ್ರಾಯಿನ್ ಮುಂದಕ್ಕೆ ಬಾಗಿ ಕೂತಿದ್ದ. ಸಿಲ್ವೇರಾ ಈಗ ಬರುತ್ತಾನೆ ಎಂದು ಕಾಯುತ್ತಿದ್ದ ಮುಖ ಅದು. ಹೇಳಲು ಒಂದು ನಿಮಿಷ ಸಾಕಾಗಿತ್ತು. ಶೇಷಾದ್ರಿ ಮೈಕಿಗೆ ಥ್ಯಾಂಕ್ಯೂ ಹೇಳಿ ಬಂದು ಕೂತ.

ಭಾನುವಾರದ ಬೆಳಿಗ್ಗೆ ಗಂಡಭೇರುಂಡಕ್ಕೆ ಬಂತು. ಲಾಸ್ ನೊಗಾಲೆಸ್‌ಗೆ ಶನಿವಾರ ಸಂಜೆ. ಅವರಲ್ಲಿ ಅರ್ಧ ಜನಕ್ಕೆ ಶನಿವಾರ ಕತ್ತಲಾಗುವ ತನಕ ಕೆಲಸವಿರುತ್ತದೆ ಎಂಬುದು ಕೌನ್ಸಿಲಿಗೆ ಗೊತ್ತಿರಲಿಲ್ಲ. ಶೇಷಾದ್ರಿಗೆ ಗೊತ್ತಿತ್ತು. ಸಭೆ ಮುಗಿದಾಗ ಅವನು ಎಫ್ರಾಯಿನ್‌ನನ್ನು ಹುಡುಕಿದ; ಹುಡುಕುವಾಗ ಸಿಗದಿದ್ದರೆ ಸಾಕಪ್ಪ ಎಂದುಕೊಂಡ. ಸಿಗಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಶೇಷಾದ್ರಿಯನ್ನು ಹೊಗಳಿ ಬಂದ ಮೆಸೇಜುಗಳು ಒಂದರ ಮೇಲೊಂದು ಬಿದ್ದವು. ಫೋನನ್ನು ಮಗುಚಿಟ್ಟ.

ಮೊದಲ ಭಾನುವಾರ ಮಕ್ಕಳು ಆಡಲು ಇಳಿದಾಗ ಪಾರ್ಕಿಂಗಿಗೆ ಟ್ರಕ್ಕುಗಳು ಬಂದು ನಿಂತವು. ಲಾಸ್ ನೊಗಾಲೆಸ್‌ನವರು ಇಳಿದು, ಬೂಟಿನ ದಾರ ಕಟ್ಟಿಕೊಳ್ಳುತ್ತ, ಮಕ್ಕಳದು ಈಗ ಮುಗಿದೀತು ಎಂದು ನೋಡುತ್ತ ನಿಂತರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ.

“ಸಾರ್, ಅವರಿಗೆ ಗೊತ್ತಿಲ್ಲ ಅನ್ಸತ್ತೆ,” ಎಂದ ವಾಸುದೇವ. “ನೀವೇ ಹೋಗಿ ಹೇಳ್ಬಿಡಿ. ನಿಮಗೆ ಅವರ ಪರಿಚಯ ಇದೆಯಲ್ಲ.”

ಮಲ್ಲಪ್ಪ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಬೇರೆ ಕಡೆ ನೋಡಿದ.

ಶೇಷಾದ್ರಿ ಹುಲ್ಲು ದಾಟಿ ಹೋದ. ಎಫ್ರಾಯಿನ್ ಟ್ರಕ್ಕಿಗೆ ಒರಗಿ ನಿಂತಿದ್ದ, ಅವನೂ ಆಡಲು ಬಂದವನ ಹಾಗೆ ಮಂಡಿಗೆ ಪಟ್ಟಿ ಬಿಗಿದಿದ್ದ.

“ಇವರಿಗೆ ಹೇಳಲಿಲ್ಲ ನಾನು,” ಎಂದ. “ಹೇಳೋಕೆ ಹೋದೆ, ಆಗಲಿಲ್ಲ. ಬಂದಿದ್ದೀರಲ್ಲ, ಹೇಳಿ. ನಾನು ಸ್ಪ್ಯಾನಿಷಿಗೆ ತಿರುಗಿಸ್ತೀನಿ.”

ಶೇಷಾದ್ರಿ ಹೇಳಿದ. ಕೌನ್ಸಿಲು ತೀರ್ಮಾನಿಸಿದೆ ಎಂದು ಶುರುಮಾಡಿ, ಶನಿವಾರ ಸಂಜೆ ಎಂದು ಮುಗಿಸಿದ. ಎಫ್ರಾಯಿನ್ ಒಂದು ಮಾತನ್ನೂ ಕೂಡಿಸದೆ ಕಳೆಯದೆ ತಿರುಗಿಸಿದ ಹಾಗೆ ಕಂಡಿತು. ಯಾರೂ ಕೂಗಾಡಲಿಲ್ಲ. ಮೈತುಂಬ ಸುಣ್ಣದ ಕಲೆಯಿದ್ದ ಒಬ್ಬ ಏನೋ ಕೇಳಿದ.

“ಅಲ್ಲಿ ನಮ್ಮ ಪರವಾಗಿ ಯಾರೂ ಮಾತಾಡಲಿಲ್ವಾ ಅಂತ ಕೇಳ್ತಾನೆ,” ಎಂದ ಎಫ್ರಾಯಿನ್, ಮತ್ತು ಉತ್ತರಕ್ಕೆ ಕಾದ.

ಶೇಷಾದ್ರಿಗೆ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ.   ಕೊನೆಗೆ ಎಫ್ರಾಯಿನ್ ತಾನೇ ಅವರತ್ತ ತಿರುಗಿ ಏನೋ ಹೇಳಿದ. ನಿಧಾನವಾಗಿ, ಶೇಷಾದ್ರಿಯ ಕಡೆ ಕೈ ತೋರಿಸಿ ಹೇಳಿದ. ಸುಣ್ಣದ ಕಲೆಯವನು ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು ಮುಂದೆ ಬಂದು ಶೇಷಾದ್ರಿಯ ಕೈ ಕುಲುಕಿದ. ಅವನ ಹಿಂದೆ ಇನ್ನೊಬ್ಬ ಬಂದ.

“ಏನು ಹೇಳಿದಿರಿ ಅವರಿಗೆ?”

“ನೀವು ನಮ್ಮ ಕಥೆ ಹೇಳಿದಿರಿ ಅಂದೆ,” ಎಂದ ಎಫ್ರಾಯಿನ್. “ಅದರಲ್ಲಿ ಸುಳ್ಳೇನಿಲ್ಲವಲ್ಲ.”

ಮೂರನೆಯವನು ಕೈ ಚಾಚಿ ನಿಂತಿದ್ದ. ಅವನ ಹಿಂದೆ ಮಿಕ್ಕವರೂ ಸಾಲಾಗುತ್ತಿದ್ದರು. ಶೇಷಾದ್ರಿ ಒಬ್ಬೊಬ್ಬರ ಕೈಯನ್ನೂ ಕುಲುಕಿದ.