ಕಾಗದದಲ್ಲಿ ಬದುಕಿದ್ದ ಸೋಮಣ್ಣ

ಮೂವತ್ತೈದು ವರ್ಷ ಒಬ್ಬನ ಜೊತೆ ಸಂಸಾರ ಮಾಡಿದವಳನ್ನು ಎದುರಿಗೆ ಕೂರಿಸಿಕೊಂಡು, ಇವನ ಜೊತೆ ನಿನಗೆ ಮದುವೆ ಆಗಿದೆ ಅನ್ನುವುದಕ್ಕೆ ಏನು ಗ್ಯಾರಂಟಿ ಅಂತ ಕೇಳಿದರೆ ಅವಳು ಏನು ಹೇಳಬೇಕು? ಗುರುಮಲ್ಲಮ್ಮ ಪ್ಲಾಸ್ಟಿಕ್ ಕವರಿನಿಂದ ರೇಷನ್ ಕಾರ್ಡು, ವೋಟರ್ ಕಾರ್ಡು, ಪಾಸ್‌ಬುಕ್ಕು ಒಂದೊಂದೇ ತೆಗೆದು ವಕೀಲ ಗಂಗಾಧರಸ್ವಾಮಿಯ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಗಂಡ ಬೀರಯ್ಯ ಕಾಲು ಚಾಚಿಕೊಂಡು ಕೂತಿದ್ದ.

“ಇವೆಲ್ಲ ನೀವು ಹೇಳಿದ್ದನ್ನ ಅವರು ಬರ್ಕೊಂಡಿರೋದು ಕಣಮ್ಮ,” ಅಂದರು ವಕೀಲರು. “ಲಗ್ನಪತ್ರಿಕೆ ಇದೆಯಾ? ಫೋಟೋ? ಛತ್ರದ ರಸೀದಿ?”

“ಛತ್ರವಂತೆ!” ಅಂದಳು ಗುರುಮಲ್ಲಮ್ಮ. ಅವಳಿಗೆ ನಗು ಬಂತು. ಒಳ್ಳೆಯ ನಗುವಲ್ಲ ಅದು.

ಇಷ್ಟೆಲ್ಲ ರಗಳೆ ಮಗಳು ಭವ್ಯಳ ದೆಸೆಯಿಂದ. ಅವಳು ಟೆಕ್ಸಾಸಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲಿಯ ಪ್ರಜೆಯೂ ಆದ ಮೇಲೆ ಅಪ್ಪ ಅವ್ವ ಇಬ್ಬರನ್ನೂ ಖಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಹಾಕಿದ್ದಳು. ಅವಳೂ ಅಳಿಯನೂ ಒಬ್ಬರು ಹಗಲು, ಒಬ್ಬರು ರಾತ್ರಿ ಡ್ಯೂಟಿ. ನಾಲ್ಕು ವರ್ಷದ ಮೊಮ್ಮಗಳನ್ನು ಗುರುಮಲ್ಲಮ್ಮ ಇನ್ನೂ ಕೈಯಿಂದ ಮುಟ್ಟಿರಲಿಲ್ಲ. ನೋಡಿಕೊಂಡು ಬರುವ ವೀಸಾಕ್ಕೆಂದು ಎರಡು ಸಲ ಚೆನ್ನೈಗೆ ಹೋಗಿ, ಎರಡು ಸಲವೂ ಎರಡೇ ನಿಮಿಷದಲ್ಲಿ ಇಲ್ಲ ಅನ್ನಿಸಿಕೊಂಡು ವಾಪಸು ಬಂದಿದ್ದರು. ಈಗ ಅಮೇರಿಕದ ವಲಸೆ ಕಚೇರಿಯಿಂದ ಒಂದು ಕಾಗದ ಬಂದಿತ್ತು. ತಾಯಿಯದು ಸರಿ, ಹೆತ್ತದ್ದಕ್ಕೆ ಜನನ ಪತ್ರವೇ ಸಾಕು. ತಂದೆಯದಕ್ಕೆ ಮಾತ್ರ, ಅವನು ಆ ತಾಯಿಯನ್ನು ಮದುವೆಯಾಗಿದ್ದ ಎಂಬುದಕ್ಕೆ ದಾಖಲೆ ಕೊಡಿ. ಎಂಬತ್ತೇಳು ದಿನ ಗಡುವು.

ಗುರುಮಲ್ಲಮ್ಮ ಒಬ್ಬಳೇ ಹೋಗಬಹುದಿತ್ತು. ಆದರೆ ಬೀರಯ್ಯನಿಗೆ ಸಕ್ಕರೆ ಕಾಯಿಲೆ. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಗೇಟು ಕಾಯುತ್ತಿದ್ದವನಿಗೆ ಬೂಟಿನೊಳಗೇ ಹುಣ್ಣಾಗಿ, ಹೋದ ವರ್ಷ ಎರಡು ಬೆರಳು ತೆಗೆದಿದ್ದರು. ಅವನನ್ನು ಬಿಟ್ಟು ಹೋಗುವ ಮಾತೇ ಇಲ್ಲ ಅಂದಿದ್ದಳು. ಹೋದರೆ ಇಬ್ಬರೂ, ಇಲ್ಲವಾದರೆ ಯಾರೂ ಇಲ್ಲ.

“ಕೂಡಾವಳಿ ಸ್ವಾಮಿ ನಮ್ದು,” ಅಂದ ಬೀರಯ್ಯ. “ಫೋಟೋ ಗೀಟೋ ಎಲ್ ಬರ್ಬೇಕು?”

ಗಂಡ ಸತ್ತವಳಿಗೆ ಕುಲದವರು ಮಾಡಿಸುವ ಎರಡನೆಯ ಮದುವೆ ಕೂಡಾವಳಿ. ಅದಕ್ಕೆ ಚಪ್ಪರವಿಲ್ಲ, ವಾಲಗವಿಲ್ಲ. ಭೀಮನಬೀಡಿನಲ್ಲಿ ಬೀರಯ್ಯನ ಮನೆಯ ಹಿತ್ತಲ ಬಾಗಿಲಲ್ಲಿ, ದೀಪ ಹಚ್ಚುವ ಹೊತ್ತು ದಾಟಿದ ಮೇಲೆ, ಕುಲದ ಯಜಮಾನರ ಎದುರು ಅವಳಿಗೆ ಹೊಸ ಸೀರೆ ಉಡಿಸಿ, ಬಳೆ ತೊಡಿಸಿ, ತಾಳಿ ಕಟ್ಟಿಸಿದ್ದರು. ಮುತ್ತೈದೆಯರು ಅದನ್ನು ಕಣ್ಣಲ್ಲಿ ನೋಡಬಾರದು. ಹಾಗಾಗಿ ಊರಿನ ಗರತಿಯರೆಲ್ಲ ಒಳಗೆ ಬಾಗಿಲು ಹಾಕಿಕೊಂಡಿದ್ದರು. ಯಜಮಾನರು ಸತ್ತು ಯಾವ ಕಾಲವಾಯಿತೋ. ಅವತ್ತು ಅಲ್ಲಿದ್ದು ಇವತ್ತಿಗೂ ಜೀವದಿಂದಿರುವವಳು ಒಬ್ಬಳೇ, ಬೀರಯ್ಯನ ಅಕ್ಕ ಸಣ್ಣತಾಯಮ್ಮ. ಆಗಲೇ ವಿಧವೆಯಾಗಿದ್ದರಿಂದ ಅವಳಿಗೆ ನೋಡುವ ಹಕ್ಕಿತ್ತು.

ನೋಡಿದವಳು ಮರೆತವಳಲ್ಲ. ಕೂಡಾವಳಿಯಾದವಳು ಶುಭಕಾರ್ಯಕ್ಕೆ ಸಲ್ಲುವವಳಲ್ಲ ಅಂತ ಅವಳ ಲೆಕ್ಕ. ಕುಲದವರ ಮಕ್ಕಳ ಮದುವೆಗೆ ಆರತಿ ಹಿಡಿಯಲು, ನೆಂಟರ ಮನೆಯಲ್ಲಿ ಅರಿಶಿನ ಕುಟ್ಟಲು, ಯಾವುದಕ್ಕೂ ಗುರುಮಲ್ಲಮ್ಮನನ್ನು ಕರೆಯದ ಹಾಗೆ ಅವಳು ಮೂವತ್ತೈದು ವರ್ಷ ಕಾವಲಿದ್ದಳು. ಹೆತ್ತ ಮಗಳ ಮದುವೆಯಲ್ಲೇ ಧಾರೆ ಎರೆಯಲು ಬೇರೆ ಗಂಡಹೆಂಡಿರನ್ನು ಕೂರಿಸಿದ್ದಳು. ಭವ್ಯ ಕೇಳಿದ್ದಕ್ಕೆ, ನಿಮ್ಮವ್ವನದು ಏನೋ ಹರಕೆ ಅದೆ ಅಂದಿದ್ದಳು.

ಅಂಥವಳ ಹತ್ತಿರ ಹೋಗಿ ಈಗ ಮದುವೆ ಆಗಿದೆ ಅಂತ ಹೇಳು ಅನ್ನಬೇಕಿತ್ತು. ಹೋದರು.

“ಮದ್ವೆ ಅಂತ ನಾನ್ಯಾಕಮ್ಮಿ ಯೋಳನ?” ಅಂದಳು ಸಣ್ಣತಾಯಮ್ಮ, ಜಗುಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತ. “ಮದ್ವೆ ಅಂದ್ರೆ ಚಪ್ರ ಆಕ್ಬೇಕು, ವಾಲಗ ಊದ್ಬೇಕು, ಐದು ಜನ ಮುತ್ತೈದೇರು ಬರ್ಬೇಕು. ನಿಂದು ಕೂಡಾವಳಿ ಕಣಮ್ಮಿ. ಸೀರೆ ಉಡ್ಸಿ ಒಳಕ್ಕೆ ಕರ್ಕೊಂಡೊ, ಅಷ್ಟೆಯ.”

“ತಾಳಿ ಕಟ್ಟಿದ್ದ ನೀವು ನೋಡ್ಲಿಲ್ವಾ ಅತ್ತಿಗೆ?”

“ನೋಡಿವ್ನಿ. ಅದ್ಕೇನೀಗ?”

“ಅಕ್ಕಾ, ನೋಡಿದ್ದ ನೋಡ್ದೆ ಅಂತ ಯೋಳು ಸಾಕು. ಮದ್ವೆ ಅನ್ಬ್ಯಾಡ, ಕೂಡಾವಳಿ ಅಂತ್ಲೆ ಅನ್ನು,” ಅಂತ ಬೀರಯ್ಯ ಅಂಗಲಾಚಿದ. ಗುರುಮಲ್ಲಮ್ಮ ಅವನ ಮುಖ ನೋಡಿದಳು. ಇಡೀ ಕುಲ ಬೇಡ ಅಂದಾಗ, ಕಟ್ಕೊಂಡ್ರೆ ಇವಳನ್ನೇ ಅಂತ ಯಜಮಾನರ ಮುಂದೆ ಎದೆ ಕೊಟ್ಟು ನಿಂತಿದ್ದ ಗಂಡಸು ಇವನೇ. ಆಸೆ ಮನುಷ್ಯನನ್ನು ಎಷ್ಟು ಬಗ್ಗಿಸುತ್ತದೆ ಅಂತ ಅವಳಿಗೆ ಸಂಕಟವಾಯಿತು.

ಸಣ್ಣತಾಯಮ್ಮ ಅಫಿಡವಿಟ್ಟಿಗೆ ಹೆಬ್ಬೆಟ್ಟು ಒತ್ತಿದಳು, ಕೂಡಾವಳಿ ಅನ್ನುವ ಮಾತನ್ನು ಎರಡೆರಡು ಸಲ ಓದಿಸಿಕೊಂಡು. ಗಂಗಾಧರಸ್ವಾಮಿ ಅದನ್ನು ನೋಡಿ ತಲೆ ಕೆರೆದುಕೊಂಡರು. “ಇದು ನಡೆಯುತ್ತೆ. ಆದರೆ ಕೂಡಾವಳಿ ಅಂದ ಮೇಲೆ ಮೊದಲನೇ ಮದುವೆ ಇತ್ತು ಅಂತ ಆಯ್ತು. ಅದು ಹೇಗೆ ಮುಗಿಯಿತು ಅಂತ ಅವರು ಕೇಳೇ ಕೇಳ್ತಾರೆ. ಆ ಗಂಡನ ಮರಣ ಪತ್ರ ತನ್ನಿ.”

ಇದನ್ನು ಭವ್ಯಳಿಗೆ ಹೇಳದೆ ವಿಧಿಯಿರಲಿಲ್ಲ. ಗುರುಮಲ್ಲಮ್ಮ ಫೋನಿನಲ್ಲಿ ಹೇಳಿದಳು. ಹದಿನಾರಕ್ಕೆ ಗುಂಡ್ಲುಪೇಟೆ ಕಡೆಯ ಸೋಮಣ್ಣ ಅನ್ನುವವನಿಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಕಾಮಾಲೆಯಾಗಿ ಹೋದ. ಅಷ್ಟೇ ಕತೆ.

ಮಗಳು ಕೇಳಿದಳು, “ನಂಗ್ಯಾಕವ್ವ ಹೇಳ್ಲಿಲ್ಲ?”

“ಏನಂತ ಯೋಳ್ಲಿ ಮೊಗ? ನಿಮ್ಮಪ್ಪುಂಗಿಂತ ಮುಂಚೆ ನಂಗೊಬ್ಬ ಗಂಡ ಇದ್ದ ಅಂತ್ಲಾ?”

“ಧಾರೆ ಎರೆಯುವಾಗ ನೀನು ಹಿಂದೆ ಕಂಬದ ಹತ್ರ ನಿಂತಿದ್ದು ಇದಕ್ಕಾ?”

ಗುರುಮಲ್ಲಮ್ಮ ಫೋನು ಇಟ್ಟುಬಿಟ್ಟಳು.

ಸೋಮಣ್ಣನ ತಮ್ಮ ಚಿಕ್ಕಬೀರಯ್ಯನ ಊರು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ. ಅವನು ರಸ್ತೆ ಪಕ್ಕದ ಹೊಲದಲ್ಲಿ ಚೆಂಡು ಹೂ ಬೆಳೆದಿದ್ದ. ಕೇರಳದ ಕಡೆಯಿಂದ ಕಾರಿನಲ್ಲಿ ಬಂದ ಹೊಸ ಜೋಡಿಗಳು ಹೂವಿನ ನಡುವೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದವು. ಗುರುಮಲ್ಲಮ್ಮನನ್ನು ಕಂಡು ಅವನು ಓಡಿಬಂದು, “ಬಾ ಅತ್ಗೆ, ಬಾ, ಎಷ್ಟು ವರ್ಸಾಯ್ತು!” ಅಂತ ನಿಜವಾದ ಅಕ್ಕರೆಯಿಂದಲೇ ಕೂರಿಸಿ ಕಾಫಿ ಕೊಡಿಸಿದ. ಕೇಳಿದ ತಕ್ಷಣ ಪೆಟ್ಟಿಗೆಯಿಂದ ಮರಣ ಪತ್ರ ತೆಗೆದುಕೊಟ್ಟ.

ಗುರುಮಲ್ಲಮ್ಮನಿಗೆ ಓದಲು ಬರೆಯಲು ಕಲಿಸಿದವಳು ಭವ್ಯ. ಬೆರಳಿಟ್ಟುಕೊಂಡು ನಿಧಾನಕ್ಕೆ ಓದಿದಳು. ಮತ್ತೊಮ್ಮೆ ಓದಿದಳು. “ಇದ್ಯಾಕಪ್ಪ ಚಿಕ್ಕಬೀರಯ್ಯ, ತೊಂಬತ್ತೊಂಬತ್ತು ಅಂತದೆ? ನಿಮ್ಮಣ್ಣ ಓಗಿದ್ದು ಎಂಬತ್ತೆಂಟರಲ್ಲಲ್ವಾ?”

“ಅಯ್ಯೋ, ಅದೊಂದು ದೊಡ್ ಕತೆ ಅತ್ಗೆ. ಅಪ್ಪ ಸತ್ ಮ್ಯಾಲೆ ಜಮೀನು ಖಾತೆ ಮಾಡ್ಸಕೆ ಓದ್ರೆ ಅಣ್ಣಂದೂ ಸರ್ಟಿಫಿಕೇಟ್ ತಾ ಅಂದ್ರು. ಸತ್ತು ಒಂದ್ ವರ್ಸ ದಾಟಿದ್ರೆ ಕೋರ್ಟ್ ಆರ್ಡ್ರೇ ಬೇಕಂತೆ. ಯಾರ್ ಅಲೀತಾರೆ ಕೋರ್ಟಿಗೆ? ಓದ್ ತಿಂಗ್ಳು ಸತ್ತ ಅಂತ ಬರುಸ್ಬುಟ್ಟೆ.”

ಇದರಲ್ಲಿ ಚಿಕ್ಕಬೀರಯ್ಯನಿಗೆ ತಪ್ಪೇನೂ ಕಂಡಿರಲಿಲ್ಲ. ಆ ಕಡೆ ಯಾರಿಗೂ ಕಾಣುವುದಿಲ್ಲ. ಸತ್ತವರನ್ನು ಅನುಕೂಲ ನೋಡಿಕೊಂಡು ಇನ್ನೊಂದು ಸಲ ಸಾಯಿಸಿದ ಮನೆಗಳು ಬೇಕಾದಷ್ಟಿದ್ದವು. ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ, ಗುರುಮಲ್ಲಮ್ಮನೊಬ್ಬಳನ್ನು ಬಿಟ್ಟು.

“ತಿದ್ದುಸ್ಕೊಡಪ್ಪ. ಕೈ ಮುಗೀತೀನಿ.”

ಅವನ ಮುಖ ಸಣ್ಣಗಾಯಿತು. “ಸುಳ್ ಬರ್ಸಿದ್ದೆ ಅಂತ ನಾನೇ ಬರ್ಕೊಡನಾ? ನನ್ನ ಜೈಲಿಗೆ ಕಳುಸ್ಬೇಕು ಅಂತಿದ್ದೀಯಾ? ಖಾತೇನೂ ಅಲ್ಲಾಡ್ತದೆ. ಬುಡು ಅತ್ಗೆ, ಬ್ಯಾರೆ ಏನಾರ ಕೇಳು, ಮಾಡ್ಕೊಡ್ತೀನಿ.” ಹೊರಡುವಾಗ ಒಂದು ಕವರು ತುಂಬ ಚೆಂಡು ಹೂ ಕಿತ್ತು ಕೈಗೆ ಕೊಟ್ಟ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಅದನ್ನು ಕಲ್ಲಿನ ಬೆಂಚಿನ ಮೇಲೆ ಬಿಟ್ಟು ಬಸ್ಸು ಹತ್ತಿದಳು.

ಗಂಗಾಧರಸ್ವಾಮಿ ಪತ್ರವನ್ನು ಹಿಂದೆ ಮುಂದೆ ತಿರುಗಿಸಿದರು. “ಇದರ ಪ್ರಕಾರ ತೊಂಬತ್ತರಲ್ಲಿ ನಿಮ್ಮ ಕೂಡಾವಳಿ ಆದಾಗ ಮೊದಲನೇ ಗಂಡ ಬದುಕಿದ್ದ. ಗಂಡ ಬದುಕಿರುವಾಗ ಇನ್ನೊಬ್ಬರನ್ನ ಆದರೆ ಕಾನೂನಿನಲ್ಲಿ ಅದು ಮದುವೆಯೇ ಅಲ್ಲ. ಮಗಳು ಹುಟ್ಟಿದಾಗಲೂ ಅವನು ಬದುಕಿದ್ದ.”

“ಅಂದ್ರೆ ನನ್ ಮಗ್ಳು ಯಾರ್ ಮಗ್ಳು ಸ್ವಾಮಿ? ಸತ್ತೋನ್ ಮಗ್ಳಾ?”

ವಕೀಲರು ಫ್ಯಾನು ನೋಡಿದರು. ತಾರೀಖು ತಿದ್ದಿಸಲು ಕೇಸು ಹಾಕಬಹುದು, ಆದರೆ ಆ ತಮ್ಮನೇ ಬಂದು ಸಾಕ್ಷಿ ಹೇಳದಿದ್ದರೆ ವರ್ಷಗಟ್ಟಲೆ ಎಳೆಯುತ್ತದೆ ಅಂದರು. ಗಡುವಿಗೆ ಉಳಿದದ್ದು ಇಪ್ಪತ್ತೇ ದಿನ.

ದಾರಿ ತೋರಿಸಿದವರು ಭವ್ಯ ಅಲ್ಲಿ ಹಿಡಿದಿದ್ದ ವಕೀಲರು. ಮದುವೆ ರುಜುವಾತಾಗದಿದ್ದರೆ ಅದರ ಸಹವಾಸವೇ ಬೇಡ. ಇಬ್ಬರಿಗೂ ಮದುವೆ ಆಗಿರಲಿಲ್ಲ, ಮಗು ಮದುವೆಯಿಲ್ಲದೆ ಹುಟ್ಟಿತು, ತಂದೆ ಮಾತ್ರ ಜೊತೆಯಲ್ಲಿದ್ದು ಸಾಕಿದ ಅಂತ ಬರೆದುಕೊಡಲಿ. ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿದೆ, ಬೇಕಾದರೆ ರಕ್ತ ಪರೀಕ್ಷೆ ಮಾಡಿಸೋಣ. ಕೆಲಸ ಸಲೀಸು.

“ಬರೀ ಒಂದು ಪೇಪರ್ ಅವ್ವ,” ಅಂದಳು ಭವ್ಯ. ಅವಳ ಹಿಂದೆ ಮಗು ಅಜ್ಜಿ ಅಜ್ಜಿ ಅಂತ ಫೋನು ಕಿತ್ತುಕೊಳ್ಳುತ್ತಿತ್ತು. “ಯಾರು ನೋಡ್ತಾರೆ ಅದನ್ನ? ನಂಗೆ ನೀನು ಗೊತ್ತಿಲ್ವಾ?”

“ನಿಂಗೆ ಗೊತ್ತು ಮೊಗ,” ಅಂದಳು ಗುರುಮಲ್ಲಮ್ಮ. ಆರತಿಗೆ ಕರೆಯದಿದ್ದರೆ ಬೇಡ, ಧಾರೆಗೆ ಕೂರಿಸದಿದ್ದರೆ ಬೇಡ, ನಾನೇನು ಇಟ್ಟುಕೊಂಡವಳಲ್ಲ, ಕಟ್ಟಿಕೊಂಡವಳು ಅಂತ ಆ ಊರಿನಲ್ಲಿ ತಲೆಯೆತ್ತಿ ನಡೆದಿದ್ದಳು. ಜಗಳಕ್ಕೆ ಬಂದವರ ಬಾಯಿಗೆಲ್ಲ ಅದೊಂದು ಮಾತು ಎಸೆದು ಗೆದ್ದಿದ್ದಳು. ಈಗ ಆ ಮಾತೂ ಸುಳ್ಳು ಅಂತ ತನ್ನ ಕೈಯಾರೆ ಬರೆದುಕೊಡಬೇಕು.

ಸೋಮವಾರ ಅವಳು ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ ವಕೀಲರ ಆಫೀಸಿಗೆ ಬರುವ ಹೊತ್ತಿಗೆ ಬೀರಯ್ಯನೂ ಸಣ್ಣತಾಯಮ್ಮನೂ ಮುಂಚೆಯೇ ಬಂದು ಕೂತಿದ್ದರು. ಮೇಜಿನ ಮೇಲೆ ಮೂರು ಅಫಿಡವಿಟ್ಟು. ಹೋದ ಸಲ ಹೆಬ್ಬೆಟ್ಟಿಗೆ ಅಷ್ಟು ಸತಾಯಿಸಿದ್ದ ಸಣ್ಣತಾಯಮ್ಮ ಈ ಸಲ ಯಾರೂ ಹೇಳುವ ಮುಂಚೆಯೇ ಇಂಕಿನ ಪ್ಯಾಡು ಎಳೆದುಕೊಂಡಿದ್ದಳಂತೆ. ಸೀರೆಯ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತ, “ಮದ್ವೆ ಆಗಿಲ್ಲ ಅಂತ ನಾನು ಆವತ್ನಿಂದ್ಲೂ ಬಡ್ಕತಿವ್ನಿ,” ಅಂದಳು. “ಕೊನೆಗೆ ಅಮೇರಿಕದವ್ರೂ ಅದ್ನೇ ಅಂದ್ರಲ್ಲ!”

ಬೀರಯ್ಯನ ಹಾಳೆಯಲ್ಲೂ ಸಹಿ ಬಿದ್ದಾಗಿತ್ತು. ಅವಳು ಬರಲಿ ಅಂತ ಅವನು ಕಾದಿರಲಿಲ್ಲ.

“ನಂದು ಓದಿ ಸ್ವಾಮಿ,” ಅಂದಳು ಗುರುಮಲ್ಲಮ್ಮ.

ವಕೀಲರ ಟೈಪಿಸ್ಟು ಎತ್ತಿದ ದನಿಯಲ್ಲಿ ಓದತೊಡಗಿದಳು. “ಗುರುಮಲ್ಲಮ್ಮ ಕೋಂ ಲೇಟ್ ಸೋಮಣ್ಣ, ಐವತ್ತೈದು ವರ್ಷ, ಚಾಮರಾಜನಗರ ವಾಸಿ, ಆದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ...”

“ಯಾರ್ ಎಂಡ್ತಿ ಅಂತ ಬರ್ದಿದ್ದೀಯವ್ವ?”

“ಸೋಮಣ್ಣನ ಹೆಂಡತಿ ಅಂತ ಆಂಟಿ. ಕೋಂ ಬೀರಯ್ಯ ಅಂತ ಹಾಕಂಗಿಲ್ಲವಲ್ಲ, ಕೆಳಗೆ ಅವರನ್ನ ಮದುವೆ ಆಗಿಲ್ಲ ಅಂತ ಬರೆದಿದ್ದೀವಿ. ಯಾರದಾದರೂ ಹೆಸರು ಹಾಕಲೇಬೇಕು.”

ಸೋಮಣ್ಣನ ಮುಖ ನೆನಪು ಮಾಡಿಕೊಳ್ಳಲು ಅವಳು ಪ್ರಯತ್ನ ಪಟ್ಟಳು. ಹಳದಿ ಕಣ್ಣು ಬಿಟ್ಟರೆ ಏನೂ ಬರಲಿಲ್ಲ.

“ಸೈನ್ ಮಾಡು, ಊಟದ್ ಒತ್ತಾಯ್ತು,” ಅಂದ ಬೀರಯ್ಯ.

ಗುರುಮಲ್ಲಮ್ಮ ಪೆನ್ನು ತೆಗೆದುಕೊಂಡಳು. ಒಂದೊಂದೇ ಅಕ್ಷರ ಒತ್ತಿ ಬರೆದಳು. ಮೂರು ಕಡೆ ಬರೆಯಬೇಕಿತ್ತು, ಮೂರು ಕಡೆಯೂ ಬರೆದಳು.

ಹೊರಗೆ ಕೋರ್ಟಿನ ಮುಂದೆ ಸಣ್ಣತಾಯಮ್ಮ ಆಟೋ ಕರೆಯಲು ಮುಂದೆ ಹೋದಳು. ಬೀರಯ್ಯ ಕಾಲು ಎಳೆಯುತ್ತ ಗುರುಮಲ್ಲಮ್ಮನ ಪಕ್ಕಕ್ಕೆ ಬಂದ. “ಪೇಪರ್ ಏನಾರ ಯೋಳ್ಕೊಳ್ಲಿ ಬುಡು,” ಅಂದ, ಮೆತ್ತಗೆ. “ನಾನು ನಿನ್ ಗಂಡ ಅಲ್ವಾ?”

“ಅಲ್ಲ ಅಂತ ಈಗ್ತಾನೆ ಸೈನ್ ಮಾಡ್ದಲ್ಲ,” ಅಂದಳು ಗುರುಮಲ್ಲಮ್ಮ. “ನನಗಿಂತ ಮುಂಚೆ.”

ಬೀರಯ್ಯ ಅಲ್ಲೇ ನಿಂತ. ಅವಳು ಹೋಗಿ ಆಟೋದಲ್ಲಿ ಸಣ್ಣತಾಯಮ್ಮನ ಪಕ್ಕ ಕೂತು, ಅವನಿಗೆ ಜಾಗ ಬಿಡಲು ಅತ್ತ ಸರಿದಳು.