ಮೆಷಿನ್ ನಿಲ್ಲದ ಸಂಜೆ

"ನಿಧಾನ, ಮೊದಲು ಕಾಲು ಆಚೆ ಬರ್ಲಿ," ಎಂದು ಬಸ್ ಡಿಪೋದ ಹಳೆಯ ಫಿಟ್ಟರ್ ಕೂಗಿದ. ಅವನು ಹೇಳಿದ್ದು ಹೊಲಿಗೆ ಮೆಷಿನ್ನಿನ ಕಬ್ಬಿಣದ ಕಾಲಿನ ಮಾತು. ನಲವತ್ತು ವರ್ಷ ಹೊಸ್ತಿಲ ಪಕ್ಕ ಬೇರು ಬಿಟ್ಟು ಕೂತಿದ್ದ ಅದನ್ನು ಸರಿಸದೆ ದರ್ಜಿಯ ಶವದ ಪೆಟ್ಟಿಗೆ ಅಂಗಡಿಯಿಂದ ಆಚೆ ಬರುವಂತಿರಲಿಲ್ಲ. ದರ್ಜಿ ಬದುಕಿದ್ದಾಗಲೂ ಅಷ್ಟೇ, ಗಿರಾಕಿಗಳು ಅವನ ಬೆನ್ನು ಸವರಿಕೊಂಡೇ ಒಳಗೆ ಹೋಗಬೇಕಿತ್ತು.

ಮೆಷಿನ್ ಫುಟ್‌ಪಾತಿಗೆ ಬಂತು. ಫಿಟ್ಟರ್ ಬಲ ಮಂಡಿ ಹಿಡಿದು ಏದುಸಿರು ಬಿಟ್ಟ. ಆರಡಿ ದಾಟಿದ ಆಳು, ಎಪ್ಪತ್ತರ ಹತ್ತಿರ. ಮಂಡಿ ಕೆಟ್ಟದ್ದು ಜೈಲಿನಲ್ಲಿ. ಕೈಗೊಂದು ಕೆಲಸ ಸಿಕ್ಕರೆ ಅಳು ತಡೆದುಕೊಳ್ಳಬಲ್ಲವನು, ಹಾಗಾಗಿ ಬೆಳಗಿನಿಂದ ಎಲ್ಲರ ಕೆಲಸವನ್ನೂ ತಾನೇ ಮಾಡುತ್ತಿದ್ದ.

"ಮುಂದೆ ಎಡಗಡೆ ನಾನು," ಎಂದ. "ಬಲಗಡೆಗೆ ನನ್ನ ಎತ್ತರದವರು ಯಾರಾದ್ರೂ ಬೇಕು. ಇಲ್ದಿದ್ರೆ ಪೆಟ್ಟಿಗೆ ವಾಲುತ್ತೆ."

"ಬಲಗಡೆಗೆ ಮೇಷ್ಟ್ರು ಬರ್ಲಿ ಮಾಮ," ಎಂದಳು ದರ್ಜಿಯ ಮಗಳು. "ಅಪ್ಪನೇ ಹೇಳಿದ್ದು."

ರಸ್ತೆಯಾಚೆ, ಗಡಿಯಾರದ ಅಂಗಡಿಯ ಪಕ್ಕ, ಮೇಷ್ಟ್ರು ಒಬ್ಬರೇ ನಿಂತಿದ್ದರು. ಗಿಡ್ಡ ದೇಹ, ಇಸ್ತ್ರಿ ಮಾಡಿದ ಅಂಗಿ. ಅವರ ಅಕ್ಕಪಕ್ಕ ಯಾರೂ ನಿಂತಿರಲಿಲ್ಲ.

"ಅವನು ಹೆಗಲು ಕೊಟ್ರೆ ನಾನು ಕೊಡಲ್ಲ," ಎಂದ ಫಿಟ್ಟರ್. "ನಾಲ್ಕು ವರ್ಷ ಒಳಗಿದ್ದೆ ಕಣಮ್ಮ. ಅಮ್ಮ ಸತ್ತಾಗ ಮುಖ ನೋಡೋಕೂ ಬಿಡಲಿಲ್ಲ. ಹಿಡಿದುಕೊಟ್ಟೋನ ಜೊತೆ ಹೆಜ್ಜೆ ಹಾಕು ಅಂತೀಯಾ?"

ಮಗಳು ಅಂಗಡಿಯೊಳಗಿನ ಪೆಟ್ಟಿಗೆಯತ್ತ ನೋಡಿದಳು. ಹನ್ನೊಂದು ದಿನದ ಹಿಂದೆ ಆಸ್ಪತ್ರೆಯಲ್ಲಿ ಅಪ್ಪ ಅವಳ ಕೈ ಹಿಡಿದು ಹೇಳಿದ್ದ: "ಮೇಷ್ಟ್ರು ಹಿಡಿದುಕೊಡ್ಲಿಲ್ಲ. ಫಿಟ್ಟರ್‌ಗೆ ಹೇಳ್ಬಿಡು. ನನ್ನ ಕೈಲಿ ಆಗ್ಲಿಲ್ಲ." ಉಳಿದದ್ದನ್ನೂ ಹೇಳಿದ್ದ. ಅಂಗಡಿಯ ಮೇಲೆ ಸಂಘದವರು ಕೆಂಪು ಬಟ್ಟೆ ಕಟ್ಟಿದ್ದರು, "ನಮ್ಮ ಸಂಗಾತಿ" ಎಂದು ಅದರ ಮೇಲೆ ಬರೆದಿತ್ತು. ಮೇಷ್ಟ್ರ ಮೇಲಿನ ಕಳಂಕ ಒರೆಸಬೇಕಾದರೆ ಆ ಎರಡು ಪದ ಅಳಿಯಬೇಕು. ಅದೂ ಇವತ್ತೇ, ಅಪ್ಪನ ಪೆಟ್ಟಿಗೆ ಎತ್ತುವ ಮೊದಲೇ.

*

ಮೂವತ್ತು ವರ್ಷದ ಹಿಂದೆ ಅಂಗಡಿಯ ಮೇಲಿನ ಕೋಣೆ ಬಸ್ ನೌಕರರ ಸಂಘದ್ದು. ಕೆಳಗೆ ದರ್ಜಿಯ ಮೆಷಿನ್ ಸದ್ದು ಮಾಡುತ್ತಿದ್ದರೆ ಮೇಲೆ ನಿಶ್ಚಿಂತೆ. ಪೊಲೀಸರ ತಲೆ ಕಂಡರೆ ಅವನು ಕಾಲು ನಿಲ್ಲಿಸಬೇಕು, ಮೇಲಿನವರು ಹಿಂದಿನ ಮೆಟ್ಟಿಲಿನಿಂದ ಜಾಗ ಖಾಲಿ ಮಾಡಬೇಕು. ಸಂಘ ಅವನಿಗೆ ಕೊಟ್ಟ ಕೆಲಸ ಅದೊಂದೇ. ಆರು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಎದುರು ಗಡಿಯಾರದ ಅಂಗಡಿಯ ನೆರಳಲ್ಲಿ ಮಫ್ತಿಯ ಪೊಲೀಸನೊಬ್ಬ ಎರಡು ವರ್ಷದಿಂದ ಪೇಪರ್ ಓದುತ್ತಿದ್ದ. ಬೀದಿಗೆ ಬೀದಿಯೇ ಅವನನ್ನು ಪೇಪರ್ ಮಾಮ ಎನ್ನುತ್ತಿತ್ತು. ನಿಂತು ನಿಂತು ಹೊಟ್ಟೆ ಬಂದಾಗ ಪ್ಯಾಂಟು ಸಡಿಲ ಮಾಡಿಸಲು ದರ್ಜಿಯ ಹತ್ತಿರವೇ ಬಂದಿದ್ದ. "ನಾನ್ಯಾರೂಂತ ಯಾರಿಗೂ ಹೇಳ್ಬೇಡಿ," ಎಂದು ಗುಟ್ಟಾಗಿ ಹೇಳಿಯೂ ಹೋಗಿದ್ದ.

ಮುಷ್ಕರದ ನಲವತ್ತಮೂರನೇ ಸಂಜೆ. ಹದಿನೆಂಟು ಜನರ ಕೆಲಸ ಹೋಗಿತ್ತು. ಮಹಡಿಯ ಹಲಗೆಯ ಸಂದಿನಿಂದ ಜಗಳ ಕೆಳಕ್ಕೆ ಸುರಿಯುತ್ತಿತ್ತು.

"ಇವತ್ತು ಡಿಪೋ ಉರೀಬೇಕು," ಫಿಟ್ಟರ್ ಹೇಳುತ್ತಿದ್ದ. "ಮನವಿ ಕೊಟ್ಟು ಕೊಟ್ಟು ಕೈ ಸವೆದುಹೋಯ್ತು."

"ಶೆಡ್ಡಲ್ಲಿ ಕಾವಲುಗಾರ ಮಲಗಿರ್ತಾನಲ್ಲಯ್ಯ," ಎಂದರು ಮೇಷ್ಟ್ರು. ಅವರು ನೌಕರರಿಗೆ ಸಂಜೆ ಪಾಠ ಹೇಳುತ್ತಿದ್ದವರು.

"ಕೂಗಿ ಎಬ್ಬಿಸ್ತೀವಿ. ಅವನೂ ನಮ್ಮಂಥೋನೇ, ಅವನನ್ನ ಸುಡ್ತೀವಾ?"

"ಬೆಂಕಿಗೆ ನಮ್ಮೋನು, ಅವರೋನು ಅಂತ ಗೊತ್ತಾಗುತ್ತಾ? ಒಂದು ಜೀವ ಹೋದ್ರೆ ನಾಳೆಯಿಂದ ನಮ್ಮ ಮಾತು ಯಾರು ಕೇಳ್ತಾರೆ?"

"ಈಗ ಯಾರು ಕೇಳ್ತಿದಾರೆ? ಹದಿನೆಂಟು ಮನೇಲಿ ಒಲೆ ಹೊತ್ತಿಲ್ಲ ಮೇಷ್ಟ್ರೇ. ನಿಮಗೇನು, ತಿಂಗಳಾದ್ರೆ ಸಂಬಳ ಬರುತ್ತೆ."

ಮೇಷ್ಟ್ರು ಚಪ್ಪಲಿ ಮೆಟ್ಟಿ ಹಿಂದಿನ ಮೆಟ್ಟಿಲಿಳಿದು ಹೋದರು.

ಕೆಳಗೆ ದರ್ಜಿ ಬೆವೆತುಹೋದ. ಕಾವಲುಗಾರನ ಕೋಟು ಹೊಲಿದದ್ದು ಅವನೇ. ಅಳತೆ ತೆಗೆಯುವಾಗ "ಕೈ ಎತ್ತು" ಎಂದು ಕಿವಿಯ ಹತ್ತಿರ ಮೂರು ಸಲ ಕಿರುಚಬೇಕಾಗಿತ್ತು. ಕೆಲಸ ಹೋದೀತೆಂದು ಆ ಮನುಷ್ಯ ಕಿವುಡನ್ನು ಡಿಪೋದಲ್ಲಿ ಮುಚ್ಚಿಟ್ಟಿದ್ದ. ಕೂಗಿದರೆ ಏಳುವವನಲ್ಲ. ದರ್ಜಿ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಮೇಲೆ ಹತ್ತಿದ.

"ಒಂದು ಮಾತು ಹೇಳ್ಬೇಕಿತ್ತು..."

ಫಿಟ್ಟರ್‌ನ ತಲೆ ಕಾದಿತ್ತು. "ಇದೆಲ್ಲ ನಾವು ನೋಡ್ಕೊತೀವಿ. ನೀನು ಹೋಗಿ ಮೆಷಿನ್ ತುಳಿ."

ಉಳಿದವರು ನಕ್ಕರು. ದರ್ಜಿ ಇಳಿದು ಬಂದು ತುಳಿಯತೊಡಗಿದ. ಹತ್ತು ನಿಮಿಷಕ್ಕೆ ಬೀದಿಯ ತಿರುವಿನಲ್ಲಿ ಪೊಲೀಸರು ಕಂಡರು. ಅವನು ತಲೆಯೆತ್ತಿ ನೋಡಿದ. ಮತ್ತೆ ತಲೆ ತಗ್ಗಿಸಿದ. ಬೂಟುಗಳು ಅವನ ಪಕ್ಕದಲ್ಲೇ ಮೆಟ್ಟಿಲು ಹತ್ತಿದವು, ಮೆಷಿನ್ ನಿಲ್ಲಲಿಲ್ಲ.

*

"ಹೇಳ್ಬೇಕೂಂತ ಇದೀಯಾ?"

ಮಗಳು ತಿರುಗಿ ನೋಡಿದಳು. ಪೇಪರ್ ಮಾಮ. ನಿವೃತ್ತನಾಗಿ ಕೂದಲೆಲ್ಲ ಉದುರಿದ್ದರೂ ಕಂಕುಳಲ್ಲಿ ಪೇಪರ್ ಇತ್ತು.

"ನಿಮಗೆ ಗೊತ್ತಾ?"

"ನೋಡೋದೇ ತಾನೇ ನನ್ನ ಕೆಲಸ? ನಿಮ್ಮಪ್ಪ ನಮ್ಮನ್ನ ನೋಡಿದ್ದನ್ನ ನೋಡ್ದೆ. 'ದರ್ಜಿ ಕೆಲಸದಲ್ಲಿ ಮುಳುಗಿದ್ದ' ಅಂತ ರಿಪೋರ್ಟ್ ಬರೆದೆ. ಒಳ್ಳೆ ಮನುಷ್ಯ, ಹಾಗೇ ಹೋಗ್ಲಿ ಬಿಡಮ್ಮ."

"ಮತ್ತೆ ಪೊಲೀಸರಿಗೆ ಹೇಳಿದ್ದು ಯಾರು?"

"ಯಾರು ಹೇಳ್ಬೇಕು? ಹಾಡಹಗಲಲ್ಲೇ ಸಂಘದವರು ಆರು ಸೀಮೆಎಣ್ಣೆ ಡಬ್ಬ ನನ್ನ ಮೂಗಿನ ಕೆಳಗೇ ಹೊತ್ಕೊಂಡು ಹೋದ್ರು. ಪೇಪರ್ ಹಿಡಿದಿದ್ದೆ ಅಷ್ಟೇ, ಕಣ್ಣು ಕಟ್ಕೊಂಡಿರ್ಲಿಲ್ಲ."

ಅವಳು ಮೇಷ್ಟ್ರತ್ತ ನೋಡಿದಳು. ಅಂದು ಜಗಳವಾಡಿ ಎದ್ದುಹೋಗಿದ್ದ ಅವರ ಮೇಲೇ ಎಲ್ಲರ ಅನುಮಾನ ಬಿದ್ದಿತ್ತು. ಮೂವತ್ತು ವರ್ಷ ಈ ಬೀದಿಯಲ್ಲಿ ಅವರನ್ನು ಮಾತಾಡಿಸಿದ್ದು ಅಪ್ಪನೊಬ್ಬನೇ. "ನೀವು ಮಾಡಿಲ್ಲಾಂತ ನಾನು ನಂಬ್ತೀನಿ," ಎನ್ನುತ್ತಿದ್ದ. ಅಷ್ಟಕ್ಕೇ ಮೇಷ್ಟ್ರ ಕಣ್ಣು ತುಂಬುತ್ತಿತ್ತು. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಸತ್ತ ಮೇಲೆ ಮೊದಲ ಸಲ. ಆ ಸಿಟ್ಟಿನಲ್ಲೇ ಧೈರ್ಯವೂ ಬಂತು.

ಫಿಟ್ಟರ್ ಫುಟ್‌ಪಾತಿನ ಮೇಲೆ ಮೆಷಿನ್ನಿನ ಸ್ಟೂಲಿನಲ್ಲಿ ಕೂತು ಸುಮ್ಮನೆ ಕಾಲು ಆಡಿಸುತ್ತಿದ್ದ. ದಾರವಿಲ್ಲದ ಸೂಜಿ ಏರಿಳಿಯುತ್ತಿತ್ತು. ಅವಳು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಕಾವಲುಗಾರನ ಕಿವಿಯ ವಿಷಯ ಹೇಳಿದಳು, ಡಬ್ಬಗಳ ವಿಷಯ ಹೇಳಿದಳು. ಕೊನೆಗೆ, "ಅಪ್ಪ ಮೇಲೆ ಬಂದಿದ್ನಂತೆ ಮಾಮ. ಹೋಗಿ ಮೆಷಿನ್ ತುಳಿ ಅಂದ್ರಂತೆ," ಎಂದಳು. ಯಾರು ಎಂದು ಹೇಳಲಿಲ್ಲ.

ಸೂಜಿ ನಿಂತಿತು.

"ನಾಲ್ಕು ವರ್ಷ," ಎಂದ ಫಿಟ್ಟರ್. "ಜೈಲಿನ ಬಾಗಿಲಿಗೆ ನಂಗೆ ಹೊಸ ಅಂಗಿ ತಂದಿದ್ದ, ಗೊತ್ತಾ? ತಬ್ಕೊಂಡು ಅತ್ತಿದ್ದೆ." ತಿರುಗಿ ಪೆಟ್ಟಿಗೆಯತ್ತ ನೋಡಿದ. ಎದ್ದು ಒದೆಯುತ್ತಾನೇನೋ ಎಂದು ಅವಳಿಗೆ ಭಯವಾಯಿತು.

"ಆ ಕಾವಲುಗಾರ ಏನಾದ?"

"ಆಮೇಲೂ ಒಂಬತ್ತು ವರ್ಷ ಕೋಟಿಗೆ ಗುಂಡಿ ಹಾಕಿಸೋಕೆ ಬರ್ತಿದ್ದ."

ಫಿಟ್ಟರ್ ಎದ್ದ. ಕೆಂಪು ಬಟ್ಟೆಯ ಕೆಳಗೆ ಒಂದು ಗಳಿಗೆ ನಿಂತ. ಸಂಘದವರೆಲ್ಲ ನೋಡುತ್ತಿದ್ದರು. ಬಟ್ಟೆಯನ್ನು ಮುಟ್ಟಲಿಲ್ಲ. ಕುಂಟುತ್ತ ರಸ್ತೆ ದಾಟಿ ಮೇಷ್ಟ್ರ ಮುಂದೆ ಹೋಗಿ ನಿಂತ. ಏನು ಹೇಳಿದನೋ ಅವಳಿಗೆ ಕೇಳಲಿಲ್ಲ, ಬರಿಯ ಬೆನ್ನು ಕಾಣುತ್ತಿತ್ತು. ಮೇಷ್ಟ್ರು ಒಮ್ಮೆ ಗೋಡೆ ಹಿಡಿದುಕೊಂಡರು. ಫಿಟ್ಟರ್ ಕೈ ನೀಡಿದ. ಅವರು ಅದನ್ನು ಹಿಡಿಯಲಿಲ್ಲ, ಒಬ್ಬರೇ ರಸ್ತೆ ದಾಟಿ ಬಂದರು.

ಪೆಟ್ಟಿಗೆಯ ಪಕ್ಕ ನಿಂತು ತಮ್ಮ ಅಂಗಿಯ ಕಾಲರನ್ನು ಮುಟ್ಟಿಕೊಂಡರು. "ವರ್ಷಕ್ಕೊಂದು ಹೊಲಿದು ಕೊಡ್ತಿದ್ದ," ಎಂದರು ಮಗಳಿಗೆ. "ಅಳತೆ ತಗೊಳ್ಳುವಾಗ ಮಾತ್ರ ಒಂದು ಸಲಾನೂ ನನ್ನ ಮುಖ ನೋಡ್ಲಿಲ್ಲ. ಸಂಕೋಚದ ಮನುಷ್ಯ ಅನ್ಕೊಂಡಿದ್ದೆ."

"ಕ್ಷಮಿಸಿ ಮೇಷ್ಟ್ರೇ," ಎಂದಳು ಅವಳು. ಅಪ್ಪನ ಪರವಾಗಿ ಕೇಳಿದಳೋ ಬೀದಿಯ ಪರವಾಗಿಯೋ ಅವಳಿಗೇ ತಿಳಿಯಲಿಲ್ಲ.

ಅವರು ಪೆಟ್ಟಿಗೆಯ ಮುಂದೆ, ಬಲಗಡೆಗೆ ಹೋಗಿ ನಿಂತರು. ಫಿಟ್ಟರ್ ಎಡಗಡೆಗೆ ಬಂದ.

ನಾಲ್ವರು ಎತ್ತಿದರು. ಪೆಟ್ಟಿಗೆ ಮೇಷ್ಟ್ರ ಕಡೆಗೆ ವಾಲಿತು, ಒಳಗೆ ದರ್ಜಿ ಜಾರಿದ ಸದ್ದು ಕೇಳಿಸಿತು. "ಬೇರೆಯವರನ್ನ ಹಾಕಿ, ಎತ್ತರ ಸರಿಹೋಗ್ತಿಲ್ಲ," ಎಂದು ಯಾರೋ ಹಿಂದಿನಿಂದ ಕೂಗಿದರು.

"ಸುಮ್ನಿರ್ರೀ," ಎಂದ ಫಿಟ್ಟರ್. ಕೆಟ್ಟ ಮಂಡಿಯನ್ನೂ ಒಳ್ಳೆಯ ಮಂಡಿಯನ್ನೂ ಬಗ್ಗಿಸಿದ. ಅವನ ಹೆಗಲು ಇಳಿಯುತ್ತ ಇಳಿಯುತ್ತ ಮೇಷ್ಟ್ರ ಹೆಗಲಿನ ಮಟ್ಟಕ್ಕೆ ಬಂತು. ಪೆಟ್ಟಿಗೆ ನೆಟ್ಟಗಾಯಿತು. ಹತ್ತು ಹೆಜ್ಜೆ ಹಿಂದೆ, ಹಳೆಯ ಅಭ್ಯಾಸದಂತೆ, ಪೇಪರ್ ಮಾಮ ಹೊರಟ. ಸ್ಮಶಾನ ಒಂದೂವರೆ ಮೈಲಿ ದೂರವಿತ್ತು. ಆ ಎತ್ತರದ ಮನುಷ್ಯ ಅಷ್ಟು ದೂರವನ್ನೂ ಹಾಗೆಯೇ, ಮಂಡಿ ಬಗ್ಗಿಸಿಕೊಂಡೇ ನಡೆದ.