ಪರ, ವಿರೋಧ, ಗೈರು

ಮೇಷ್ಟ್ರ ಪೆನ್ಸಿಲ್ಲಿನ ನೆರಳು ಕೋಷ್ಟಕದ ಮೇಲೆ ತೂಗಾಡುತ್ತಿದೆ, ಪರ, ವಿರೋಧ, ಗೈರು, ಇರುವುದು ಮೂರೇ ಮನೆ, ನೆರಳು ಮೂರಕ್ಕೂ ಕಾಲಿಟ್ಟು ವಾಪಸ್ ಬರುತ್ತೆ, ಇವತ್ತು ಸಹಿ ಬೀಳಬೇಕು, ಬಿದ್ದರೆ ಎದುರು ಕೂತ ಇವಳ ಪಿಎಚ್.ಡಿ. ಪ್ರಬಂಧ ಸಲ್ಲಿಕೆ, ಇಲ್ಲದಿದ್ದರೆ ಇನ್ನೊಂದು ವರ್ಷ ಇದೇ ಕುರ್ಚಿ — ನೋಡಮ್ಮ, ಷೇರುದಾರರ ಸಭೆಯಲ್ಲಿ ಕೈ ಎತ್ತಿದರೆ ಒಪ್ಪಿಗೆ, ಅಷ್ಟೇ, ನಿಮ್ಮ ದೊಡ್ಡಮ್ಮನ ಮನಸ್ಸಲ್ಲಿ ಏನಿತ್ತು ಅನ್ನೋದು ಸಂಶೋಧನೆ ಅಲ್ಲ, ಆ ಅಧ್ಯಾಯ ತೆಗೆದು ಪರ ಅಂತ ಹಾಕು, ಸಹಿ ಮಾಡ್ತೀನಿ — ತೆಗೆಯುವುದು ಅಂದರೆ ಒಂದು ಗುಂಡಿ ಒತ್ತಿದಷ್ಟು ಸುಲಭ, ಆದರೆ ದೊಡ್ಡಮ್ಮನನ್ನು ಯಾವ ಗುಂಡಿ ಒತ್ತಿ ಕೂರಿಸುವುದು, ಬಲ್ಬ್ ಕಾರ್ಖಾನೆಯ ಹಳೇ ಶೆಡ್ಡಿನಲ್ಲಿ ಗಾಜಿನ ಬುರುಡೆಗಳನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಲೇ ತಲೆ ನರೆಸಿಕೊಂಡವಳು, ನಿವೃತ್ತಿಗೆ ಅಂತ ಕೊಟ್ಟ ನಾಲ್ಕು ಷೇರು ಇಟ್ಟುಕೊಂಡು ಕಂಪನಿಯ ಮಾತನ್ನು ಬೀಗರ ಸುದ್ದಿ ಹೇಳೋ ಹಾಗೆ ಹೇಳುತ್ತಿದ್ದಳು, ಅವರಿಗೆ ಈ ಸಲ ಯಾಕೋ ಮನಸ್ಸು ಸರಿಯಿಲ್ಲ, ಅವರಿಗೆ ನಮ್ಮ ಶೆಡ್ ಕಂಡರೆ ಆಗ್ತಿಲ್ಲ, ಅವರು ಅವರು ಅಂತ, ಪಡಸಾಲೆಯಿಂದ ದೊಡ್ಡಪ್ಪ, ನಿನಗೆ ಅವರು ಅಂದ್ರೆ ನಾನೊಬ್ಬನೇ ಅಂದ್ಕೊಂಡಿದ್ದೆ ಕಣೇ, ನಗು, ಅಲ್ಲೇ ಅಲ್ಲವೇ ಇವಳ ಸಂಶೋಧನೆ ಮೊಳೆತದ್ದು, ಜನ ಕಂಪನಿಯನ್ನು ಅದು ಅನ್ನೋದು ಯಾವಾಗ, ಅವರು ಅನ್ನೋದು ಯಾವಾಗ, ನಾವು ಅನ್ನೋದು ಯಾವಾಗ, ಎಷ್ಟು ಓದಿದರೂ ಆ ಬೆರಗು ಇಳಿದಿಲ್ಲ, ಹೊಟ್ಟೆಯಿಲ್ಲ ಆದರೂ ಲಾಭ ಸಾಲದು, ಕೈಯಿಲ್ಲ ಆದರೂ ಕರಾರು ಮಾಡುತ್ತೆ, ನಿರ್ದೇಶಕರು ಸತ್ತರೂ ತಾನು ಸಾಯೋದಿಲ್ಲ, ಸಾಯಬೇಕಾದರೂ ಅರ್ಜಿ ಹಾಕಿ ಅನುಮತಿ ಪಡೆಯಬೇಕು, ಇಂಥದ್ದೊಂದನ್ನು ಯಾರೂ ಕಣ್ಣಾರೆ ನೋಡಿಲ್ಲ, ದೊಡ್ಡಮ್ಮ ನೋಡಲೆಂದೇ ಹೋಗಿದ್ದಳು, ಇಸ್ತ್ರಿ ಸೀರೆ ಉಟ್ಟು, ಇವಳ ಕೈ ಹಿಡಿದು, ಆ ಸಭಾಂಗಣಕ್ಕೆ —

ವೇದಿಕೆ ತುಂಬ ನಿರ್ದೇಶಕರು, ಎಲ್ಲರ ಮುಂದೂ ನೀರಿನ ಬಾಟಲಿ, ಅಧ್ಯಕ್ಷರು ಹಳೇ ಶೆಡ್ ಮಾರುವ ನಿರ್ಣಯ ಓದುತ್ತಿದ್ದಾರೆ, ದೊಡ್ಡಮ್ಮ ಇವಳ ಕಿವಿಗೆ ಬಗ್ಗಿ, ಅಲ್ವೇ, ಇಷ್ಟು ಜನ ಕೂತಿದಾರಲ್ಲ, ಇವರಲ್ಲಿ ಕಂಪನಿ ಯಾರೇ, ತಾಳು, ಕೇಳೇಬಿಡ್ತೀನಿ, ಕೇಳಬೇಕಾದರೆ ಕೈ ಎತ್ತಬೇಕು, ಶಾಲೆಯಲ್ಲಿ ಕಲಿತದ್ದು, ಎತ್ತಿದಳು, ಅದೇ ಗಳಿಗೆಗೆ ಅಧ್ಯಕ್ಷರು ಒಪ್ಪಿದವರು ಕೈ ಎತ್ತಿ ಅಂದರು, ಸುತ್ತ ಕೈಗಳ ತೋಪು ಎದ್ದಿತು, ಸರ್ವಾನುಮತ, ಚಪ್ಪಾಳೆ, ತೋಪು ಬಿತ್ತು, ಒಂದು ಕೈ ಹಾಗೇ ನಿಂತಿತ್ತು, ದೊಡ್ಡಮ್ಮ, ಕೈ ಇಳಿಸು, ನಿನ್ನನ್ನೂ ಎಣಿಸಿಬಿಟ್ಟರು — ಎಣಿಸಲಿ ಬಿಡೇ, ನಾನಿನ್ನೂ ಕೇಳೇ ಇಲ್ವಲ್ಲ — ವಂದನಾರ್ಪಣೆ ಆಯಿತು, ಕುರ್ಚಿ ಸರಿದವು, ತೋಳು ಸೋತು ಎಡ ಅಂಗೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡಳು, ಬಲ್ಬ್ ಬೆಳಕಿಗೆ ಹಿಡಿಯುವಾಗಲೂ ಹಾಗೇ ಹಿಡಿಯುತ್ತಿದ್ದಳಂತೆ —

ಏನಮ್ಮ, ಪರ ತಾನೆ, ಪೆನ್ಸಿಲ್ ಮೊದಲ ಮನೆಯ ಮೇಲೆ ನಿಂತಿದೆ, ಇನ್ನೊಂದು ವರ್ಷ, ಇದೇ ಕುರ್ಚಿ, ಇರಲಿ, ತೆಗೆಯಲ್ಲ ಸರ್, ದೊಡ್ಡಮ್ಮ ಯಾವ ಮನೆಗೂ ಸೇರಲ್ಲ, ಅನ್ನುವುದನ್ನು ತನ್ನ ದನಿಯಲ್ಲೇ ಕೇಳಿಸಿಕೊಂಡಳು, ಮೇಷ್ಟ್ರು ಕನ್ನಡಕ ತೆಗೆದರು, ಪೆನ್ಸಿಲ್ ಕೆಳಗಿಟ್ಟರು, ಆಮೇಲೆ ಮೆಲ್ಲಗೆ, ಯಾರನ್ನೋ ಎಬ್ಬಿಸಬಾರದು ಅನ್ನೋ ಹಾಗೆ, ಕೊನೆಗೆ ಕೈ ಯಾವಾಗ ಇಳಿಸಿದ್ರು — ಯಾವಾಗ, ಯಾವಾಗ, ಇವಳು ಆಮೇಲೆ ತಲೆ ತಗ್ಗಿಸಿ ಟಿಪ್ಪಣಿ ಪುಸ್ತಕದಲ್ಲಿ ಸರ್ವಾನುಮತ ಅಂತ ಬರೆದುಕೊಳ್ಳುತ್ತಿದ್ದಳಲ್ಲ, ಇಳಿಸಿದ್ದನ್ನು ನೋಡಲೇ ಇಲ್ಲ, ವೇದಿಕೆ ಖಾಲಿ, ದೀಪಗಳು ಒಂದೊಂದೇ ಆರುತ್ತಿವೆ, ಖಾಲಿ ಕುರ್ಚಿಗಳ ನಡುವೆ ಆ ಕೈ, ಮೊಣಕೈ ಕೆಳಗೆ ಇನ್ನೊಂದು ಅಂಗೈ, ಆ ಕೈ —